ಗಂಟಿನೊಳಗಿನ ಎಣ್ಣೆ ಹನಿ

2024ರ ದಸರಾ ರಜೆ. ತಲೆ ಬಾಚಿಕೊಳ್ಳುವಾಗ ಕುತ್ತಿಗೆಯ ಬಲಗಡೆ ಒಂದು ಗಂಟು ಕೈಗೆ ಸಿಕ್ಕಿತು. ಶೇಂಗಾ ಬೀಜದಷ್ಟಿತ್ತು. ನೋವಿರಲಿಲ್ಲ. ಒತ್ತಿದರೆ ಒಳಗೇ ಜಾರುತ್ತಿತ್ತು. ನಾನು ಗಂಗಾವತಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಇದು ದುಗ್ಧಗ್ರಂಥಿ, ಎಲ್ಲೋ ಶೀತ ಆಗಿರಬೇಕು, ತಾನಾಗಿ ಇಳಿಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅರ್ಧ ಗೊತ್ತಿರುವವರ ತೊಂದರೆಯೇ ಇದು. ಏನೂ ಗೊತ್ತಿಲ್ಲದಿದ್ದರೆ ಹೆದರಿಕೊಂಡಾದರೂ ಡಾಕ್ಟರ್ ಹತ್ತಿರ ಓಡುತ್ತಿದ್ದೆ.

ಅತ್ತೆ ಸುಣ್ಣ, ಅರಿಶಿನ ಕಲಸಿ ಹಚ್ಚಿದರು. ಎರಡು ವಾರ ಬಣ್ಣದ ಕುತ್ತಿಗೆ ಹೊತ್ತುಕೊಂಡೇ ಶಾಲೆಗೆ ಹೋದೆ. ಆಮೇಲೆ ಒಂದು ಖಾಸಗಿ ಕ್ಲಿನಿಕ್. ಅಲ್ಲಿ ಒಂದು ವಾರದ ಆಂಟಿಬಯಾಟಿಕ್ ಕೊಟ್ಟರು. ಇಳಿಯಲಿಲ್ಲ. ಇನ್ನೊಂದು ಬಗೆಯದು ಕೊಟ್ಟರು, ಹತ್ತು ದಿನ. ಅದಕ್ಕೂ ಜಗ್ಗಲಿಲ್ಲ. ಡಿಸೆಂಬರ್ ಹೊತ್ತಿಗೆ ಗಂಟು ಅಡಿಕೆಯಷ್ಟಾಗಿತ್ತು. ಪಕ್ಕದಲ್ಲಿ ಅದರದೊಂದು ಮರಿ ಹುಟ್ಟಿತ್ತು. ಸಂಜೆ ಆದರೆ ಸಣ್ಣ ಜ್ವರ. ಬೆಳಗಿನ ಜಾವ ದಿಂಬು ಒದ್ದೆ. ಬ್ಲೌಸುಗಳೆಲ್ಲ ಸಡಿಲ. "ಡಯಟ್ ಮಾಡಾಕತ್ತೀರೇನ್ರಿ ಟೀಚರ್? ನಮಗೂ ಸ್ವಲ್ಪ ಹೇಳ್ರಿ" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರು. ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. 52 ಕಿಲೋ ಇದ್ದವಳು 46ಕ್ಕೆ ಬಂದಿದ್ದೆ.

ಸಂಕ್ರಾಂತಿ ಮುಗಿದ ಮೇಲೆ ನಮ್ಮ ಮನೆಯವರು ಹಟ ಹಿಡಿದು ಕೊಪ್ಪಳದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರಮ್ಮ ಗಂಟು ಮುಟ್ಟಿ ನೋಡಿ, ಎರಡೇ ನಿಮಿಷಕ್ಕೆ ಸೂಜಿ ಪರೀಕ್ಷೆ ಬರೆದರು. ಎಫ್‌ಎನ್‌ಎಸಿ ಅಂತಾರೆ. ಸಣ್ಣ ಸೂಜಿಯನ್ನು ಗಂಟಿಗೆ ಚುಚ್ಚಿ, ಒಳಗಿನದನ್ನು ಎಳೆದು, ಗಾಜಿನ ಮೇಲೆ ಸವರಿ ನೋಡುತ್ತಾರೆ. ಸಿರಿಂಜಿನಲ್ಲಿ ರಕ್ತ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಒಡೆದ ಹಾಲಿನಂಥ, ಗಿಣ್ಣದ ಚೂರಿನಂಥ ಬಿಳಿ ಪದಾರ್ಥ. ಅದನ್ನು ನೋಡಿದ ಕೂಡಲೇ ಡಾಕ್ಟರಮ್ಮನಿಗೆ ಗೊತ್ತಾದಂತಿತ್ತು. ಏನೂ ಹೇಳಲಿಲ್ಲ. ಒಂದಿಷ್ಟನ್ನು ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್ ಯಂತ್ರಕ್ಕೆ ಕಳಿಸಿದರು. ಎದೆಯ ಎಕ್ಸ್‌ರೇ, ಶುಗರ್, ಎಚ್‌ಐವಿ ಪರೀಕ್ಷೆಯೂ ಆಯಿತು. ಕೊನೆಯ ಮೂರರಲ್ಲಿ ಏನೂ ಇರಲಿಲ್ಲ.

ಗಂಟಿನಲ್ಲಿ ಮಾತ್ರ ಕ್ಷಯ ಇತ್ತು. ರಿಫಾಂಪಿಸಿನ್ ಔಷಧಿಗೆ ಬಗ್ಗುವ ಜಾತಿಯದು. ಶ್ವಾಸಕೋಶದಲ್ಲಿ ಇಲ್ಲದ್ದರಿಂದ ಕೆಮ್ಮಿನಿಂದ ಹರಡುವ ಭಯ ಇಲ್ಲ ಅಂದರು. ಆದರೂ ಶಾಲೆಯಲ್ಲಿ ನನ್ನ ಚಹಾದ ಕಪ್ಪು ಒಂದು ವಾರ ಬೇರೆ ಇತ್ತು. ಆ ಕತೆ ಇಲ್ಲಿ ಬೇಡ.

ನನ್ನ ತಲೆಯಲ್ಲಿ ಉಳಿದದ್ದು ರಿಪೋರ್ಟಿನ ಎರಡು ಪದ. ಒಂದು 'ಕೇಸಿಯಸ್', ಅಂದರೆ ಗಿಣ್ಣದಂಥದ್ದು. ಅದನ್ನು ಕಣ್ಣಾರೆ ನೋಡಿದ್ದೆ. ಇನ್ನೊಂದು 'ಫೋಮಿ ಮ್ಯಾಕ್ರೊಫೇಜಸ್'. ಮ್ಯಾಕ್ರೊಫೇಜ್ ನನಗೆ ಹಳೆಯ ಪರಿಚಯ. ಹೆಸರಿನ ಅರ್ಥವೇ ದೊಡ್ಡ ತಿಂಡಿಪೋತ. ಮೈಯೊಳಗೆ ಬಂದ ರೋಗಾಣುಗಳನ್ನು ನುಂಗಿ ಅರಗಿಸುವ ಬಿಳಿ ಕೋಶ. ಹದಿನೈದು ವರ್ಷದಿಂದ ಮಕ್ಕಳಿಗೆ ಇವನ್ನೇ 'ನಮ್ಮ ಸೈನಿಕರು' ಅಂತ ಹೇಳುತ್ತಾ ಬಂದಿದ್ದೇನೆ. ಆದರೆ ನೊರೆ ಬಂದ ಸೈನಿಕರು ಅಂದರೆ ಏನು?

ಅಕ್ಕನ ಮಗ ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಕೋಶಗಳು ಏನು ತಿನ್ನುತ್ತವೆ, ಏನು ಉರಿಸುತ್ತವೆ ಅನ್ನುವುದೇ ಅವನ ಕೆಲಸ. ಫೋನ್ ಮಾಡಿದೆ. ರೋಗದ ಸುದ್ದಿ ಕೇಳಿ ಮೊದಲು ಸುಮ್ಮನಾದ. ಫೋಮಿ ಅಂದ ಕೂಡಲೇ ದನಿ ಎದ್ದಿತು. "ಚಿಗವ್ವ, ಅದು ನೊರೆ ಅಲ್ಲ. ಎಣ್ಣೆ ಹನಿ!"

ಅವನು ಹೇಳಿದ್ದು ಇಷ್ಟು. ಆ ಕೋಶಗಳ ತುಂಬ ಕೊಬ್ಬಿನ ಹನಿಗಳು ಇರುತ್ತವೆ. ಸ್ಲೈಡ್ ತಯಾರು ಮಾಡುವಾಗ ಆಲ್ಕೋಹಾಲ್ ಆ ಕೊಬ್ಬನ್ನು ತೊಳೆದುಬಿಡುತ್ತದೆ. ಹನಿ ಇದ್ದ ಜಾಗ ಖಾಲಿ ತೂತಾಗಿ ಕಾಣುತ್ತದೆ. ತೂತು ತೂತು ಸೇರಿ ನೊರೆಯ ಹಾಗೆ. ಹೃದಯದ ರಕ್ತನಾಳ ಕಟ್ಟಿಕೊಳ್ಳುವಾಗ ಗೋಡೆಯಲ್ಲಿ ಸಿಗುವುದೂ ಇಂಥದೇ ಕೋಶ. ಕುಷ್ಠದ ಗಾಯದಲ್ಲಿ ಜರ್ಮನಿಯ ವೈದ್ಯ ವಿರ್ಕೋ ನೋಡಿದ್ದೂ ಇಂಥದೇ. ಕ್ಷಯದ ಗಂಟಿನಲ್ಲಿ ಈ ನೊರೆ ಕೋಶಗಳು ಸತ್ತು ಒಡೆದಾಗ ಅವುಗಳ ಕೊಬ್ಬು ಅಲ್ಲೇ ಗುಡ್ಡೆ ಬೀಳುತ್ತದೆ. ಶ್ವಾಸಕೋಶದ ಕ್ಷಯದ ಆ ಗಿಣ್ಣದಲ್ಲಿ ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ ರಾಶಿ ಇರುವುದನ್ನು 2010ರಲ್ಲಿ ಬಂದ ಒಂದು ಅಧ್ಯಯನ ತೋರಿಸಿತ್ತು. ನನ್ನ ಸಿರಿಂಜಿಗೆ ಬಂದದ್ದು ಅದರ ತಮ್ಮ.

ಜನವರಿ 20ಕ್ಕೆ ಗುಳಿಗೆ ಶುರುವಾಯಿತು. ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಗುಳಿಗೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದು. ಎಷ್ಟು ಗುಳಿಗೆ ಅನ್ನುವುದನ್ನು ತೂಕ ನೋಡಿ ಹೇಳುತ್ತಾರೆ. 35ರಿಂದ 49 ಕಿಲೋದವರಿಗೆ ದಿನಕ್ಕೆ ಮೂರು. ಕೈಕಾಲು ಜುಮುಜುಮು ಅನ್ನದಿರಲಿ ಅಂತ ಜೊತೆಗೆ ಒಂದು ಬಿ6. ನಮ್ಮ ಓಣಿಯ ಆಶಾ ಕಾರ್ಯಕರ್ತೆ ದಿನಾ ಬಂದು ನುಂಗಿದ್ದೇನೋ ಇಲ್ಲವೋ ನೋಡುತ್ತಿದ್ದರು. ಅವರ ಮಗಳಿಗೆ ನಾನೇ ಪಾಠ ಹೇಳುತ್ತೇನೆ. "ಬಾಯಿ ತಗೀರಿ ಟೀಚರ್" ಅಂತ ನನ್ನನ್ನು ಗದರಿಸುವುದು ಅವರಿಗೆ ಎಷ್ಟು ಇಷ್ಟವಾಗಿತ್ತೋ!

ಮೊದಲ ವಾರವೇ ಒಂದು ಎಡವಟ್ಟು. ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿದರೆ ಓಕರಿಕೆ ಬರುತ್ತಿತ್ತು. ಅದಕ್ಕೆ ಮುಂಜಾನೆ ಮಂಡಾಳ ಒಗ್ಗರಣಿ, ಎರಡು ಮಿರ್ಚಿ ತಿಂದು ಆಮೇಲೆ ನುಂಗತೊಡಗಿದೆ. ಹೊಟ್ಟೆ ತಣ್ಣಗಾಯಿತು. ನಾಲ್ಕನೇ ದಿನ ಆಶಾ ಅಕ್ಕನಿಗೆ ಮಿರ್ಚಿ ವಾಸನೆ ಬಂತು. ಎಣ್ಣೆ ಜಿಡ್ಡಿನ ಊಟದ ಮೇಲೆ ನುಂಗಿದರೆ ರಿಫಾಂಪಿಸಿನ್, ಐಸೋನಿಯಾಜಿಡ್ ರಕ್ತಕ್ಕೆ ಸರಿಯಾಗಿ ಹತ್ತುವುದಿಲ್ಲವಂತೆ. ಮರುದಿನದಿಂದ ಮತ್ತೆ ಖಾಲಿ ಹೊಟ್ಟೆ, ಮತ್ತೆ ಓಕರಿಕೆ. ಹತ್ತು ದಿನಕ್ಕೆ ರೂಢಿಯಾಯಿತು. ಮೂತ್ರ ಕಿತ್ತಳೆ ಬಣ್ಣ. ಅದಕ್ಕೆ ಮೊದಲೇ ಹೇಳಿದ್ದರು, ಇಲ್ಲದಿದ್ದರೆ ಬಚ್ಚಲಲ್ಲೇ ಕೂಗುತ್ತಿದ್ದೆ.

ಕಾಯಿಲೆ ರಜೆಯಲ್ಲಿ ಮನೆಯಲ್ಲಿ ಕೂತವಳಿಗೆ ಮಾಡಲು ಕೆಲಸವಿಲ್ಲ. ಅಕ್ಕನ ಮಗ ಕಳಿಸಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಎಲ್ಲ ಕೊಬ್ಬಿನ ಕಡೆಗೇ ಬರುತ್ತಿತ್ತು. ಕ್ಷಯದ ಬ್ಯಾಕ್ಟೀರಿಯಾದ ಮೈಮೇಲೆ ಮೇಣದಂಥ ಕೋಟು. ಮೈಕೋಲಿಕ್ ಆಮ್ಲ ಅಂತ. ನಮ್ಮ ಮೈಯ ಸಾಮಾನ್ಯ ಕೊಬ್ಬಿನ ಆಮ್ಲ ಪಾಮಿಟಿಕ್‌ನಲ್ಲಿ 16 ಇಂಗಾಲ ಸಾಲಾಗಿದ್ದರೆ ಇದರಲ್ಲಿ 60ರಿಂದ 90. 1882ರ ಮಾರ್ಚ್ 24ಕ್ಕೆ ರಾಬರ್ಟ್ ಕೋಕ್ ಈ ಜೀವಿಯನ್ನು ಜಗತ್ತಿಗೆ ತೋರಿಸುವ ಮೊದಲು ಅದು ಅಷ್ಟು ದಿನ ಕಣ್ಣಿಗೆ ಬೀಳದಿರಲು ಈ ಕೋಟೂ ಒಂದು ಕಾರಣ. ಸಾಮಾನ್ಯ ಬಣ್ಣ ಅದಕ್ಕೆ ಹತ್ತುವುದೇ ಇಲ್ಲ. ನಾನು ನುಂಗುತ್ತಿದ್ದ ಐಸೋನಿಯಾಜಿಡ್, 1952ರಿಂದ ಬಳಕೆಯಲ್ಲಿರುವ ಹಳೇ ಔಷಧಿ, ಹೊಡೆಯುವುದು ಈ ಮೇಣದ ಕಾರ್ಖಾನೆಗೇ.

ಕೋಟು ಹೋಗಲಿ, ಊಟವೂ ಕೊಬ್ಬೇ. ಇಲಿಯ ಶ್ವಾಸಕೋಶದಿಂದ ತೆಗೆದ ಕ್ಷಯದ ಬ್ಯಾಕ್ಟೀರಿಯಾ ಸಕ್ಕರೆ ಕೊಟ್ಟರೆ ಮೂಸಿಯೂ ನೋಡುವುದಿಲ್ಲ, ಕೊಬ್ಬಿನ ಆಮ್ಲ ಕೊಟ್ಟರೆ ಚುರುಕಾಗುತ್ತದೆ ಅಂತ 1956ರಲ್ಲೇ ಗೊತ್ತಾಗಿತ್ತು. 1998ರಲ್ಲಿ ಅದರ ಪೂರ್ತಿ ಜೀನೋಮ್ ಓದಿದಾಗ ಕೊಬ್ಬಿನ ಕೆಲಸಕ್ಕೇ ಸುಮಾರು 250 ಎಂಜೈಮ್ ಇರುವುದು ಕಂಡಿತು. ನಮ್ಮ ಕರುಳಿನ ಇ. ಕೋಲಿಗೆ 50ರಷ್ಟು ಸಾಕು. 2008ರಲ್ಲಿ ಇನ್ನೊಂದು ಗೊತ್ತಾಯಿತು. ನಮ್ಮ ಕೋಶದಿಂದ ಕೊಲೆಸ್ಟರಾಲ್ ಎಳೆದುಕೊಳ್ಳಲು ಅದು ಬೇರೆಯೇ ಒಂದು ಪಂಪು ಇಟ್ಟುಕೊಂಡಿದೆ. ಮ್ಯಾಕ್ರೊಫೇಜ್ ಅದನ್ನು ನುಂಗುತ್ತದೆ. ಆಮ್ಲದ ಚೀಲಕ್ಕೆ ಸೇರಿಸಿ ಕರಗಿಸಬೇಕು. ಆ ಸೇರಿಕೆಯನ್ನೇ ಬ್ಯಾಕ್ಟೀರಿಯಾ ತಡೆದು ಒಳಗೆ ಬಿಡಾರ ಹೂಡುತ್ತದೆ. ಕೋಶ ಎಣ್ಣೆ ಹನಿ ಕೂಡಿಡುವ ಹಾಗೆ ಮಾಡುತ್ತದೆ. ಆಮೇಲೆ ಕೂತು ಉಣ್ಣುತ್ತದೆ.

ಇಲ್ಲಿಯವರೆಗೆ ಓದಿ ನಾನು ಪುಸ್ತಕ ಮುಚ್ಚಿದೆ. ದೊಡ್ಡ ತಪ್ಪು ಮಾಡಿದ್ದು ಅಲ್ಲೇ.

ನಮ್ಮತ್ತೆಗೆ ಒಂದೇ ಔಷಧಿ ಗೊತ್ತು, ಎಮ್ಮೆ ತುಪ್ಪ. ಬಾಣಂತಿಗೂ ತುಪ್ಪ, ಜ್ವರಕ್ಕೂ ತುಪ್ಪ. ಬಿಸಿ ಜೋಳದ ರೊಟ್ಟಿಗೆ ತುಪ್ಪ ಸವರಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಜೊತೆ ಕೊಡುತ್ತಿದ್ದರು. ನನಗೆ ಪ್ರತಿ ತುತ್ತೂ ಆ ಹುಳುವಿಗೆ ಹಾಕುವ ನೈವೇದ್ಯದಂತೆ ಕಂಡಿತು. ತುಪ್ಪ ಬಿಟ್ಟೆ. ಶೇಂಗಾ ಬಿಟ್ಟೆ. ಮೊಟ್ಟೆಯ ಹಳದಿ ಬಿಟ್ಟೆ. ಹಾಲಿನ ಕೆನೆ ತೆಗೆಸಿದೆ. "ಅದಕ್ಕ ಉಪಾಸ ಕೆಡವತೀನ್ರಿ ಅತ್ತಿ" ಅಂದೆ. ಅವರು ನನ್ನ ಮುಖ ನೋಡಿ, "ಯಾರಿಗೆ ಕೆಡವತಿ ನೋಡೂಣಂತ" ಅಂದರು.

ಫೆಬ್ರವರಿ 20ರ ತಪಾಸಣೆ. ತೂಕ 44. ಔಷಧಿ ಶುರುವಾಗಿ ತಿಂಗಳಾದ ಮೇಲೆ ತೂಕ ಏರಬೇಕು, ನನ್ನದು ಎರಡು ಕಿಲೋ ಇಳಿದಿತ್ತು. ಡಾಕ್ಟರಮ್ಮ ಏನು ತಿಂತೀರಿ ಅಂತ ಕೇಳಿದರು. ನಾನು ಹೆಮ್ಮೆಯಿಂದ ಕೊಲೆಸ್ಟರಾಲ್ ಪಂಪಿನ ಕತೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಟೀಚರ್, ನಿಮ್ಮ ತಾಟಿನ್ಯಾಗಿನ ತುಪ್ಪ ಬ್ಯಾರೆ, ಆ ಕೋಶದಾಗಿನ ಹನಿ ಬ್ಯಾರೆ. ನೀವು ತಿನ್ನದಿದ್ರ ನಿಮ್ಮ ಮೈ ತನ್ನ ಕೊಬ್ಬನ್ನೇ ಕರಗಿಸಿ ರಕ್ತಕ್ಕ ಬಿಡತೈತಿ. ಅದಕ್ಕ ಊಟಕ್ಕೇನೂ ಕಡಿಮಿ ಆಗಂಗಿಲ್ಲ. ಕಡಿಮಿ ಆಗೋದು ನಿಮಗ."

ಮುಖ ಸಣ್ಣದಾಯಿತು. ಬಸ್ಸಿನಲ್ಲಿ ಬರುವಾಗ ಮನೆಯವರಿಗೆ ಹೇಳಿದೆ. ಅವರು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಸ್ವಲ್ಪ ಯೋಚಿಸಿ, "ಗೋದಾಮಿನ್ಯಾಗ ಇಲಿ ಹೊಕ್ಕರ ಊರಿಗೇ ಅಕ್ಕಿ ಬಂದ್ ಮಾಡತಾರೇನು?" ಅಂದರು. ಸಿಟ್ಟು ಬಂತು, ಯಾಕೆಂದರೆ ಸರಿಯಾಗಿ ಹೇಳಿದ್ದರು.

ಮನೆಗೆ ಬಂದು ಪುಸ್ತಕ ಮತ್ತೆ ತೆಗೆದೆ. ಅರ್ಧಕ್ಕೆ ಬಿಟ್ಟಿದ್ದ ಭಾಗದಲ್ಲೇ ಅಸಲಿ ವಿಷಯ ಇತ್ತು.

ಮೊದಲು ನನ್ನ ತೂಕ ಯಾಕೆ ಇಳಿದಿತ್ತು ಅನ್ನುವುದು. ಸೋಂಕು ತಗುಲಿದಾಗ ಮ್ಯಾಕ್ರೊಫೇಜ್‌ಗಳು ಟಿಎನ್‌ಎಫ್ ಅನ್ನುವ ಒಂದು ಪ್ರೋಟೀನನ್ನು ಬಿಡುತ್ತವೆ. ಕ್ಷಯವನ್ನು ಕಟ್ಟಿಹಾಕಲು ಅದು ಬೇಕೇ ಬೇಕು. ಆದರೆ ಅದೇ ಟಿಎನ್‌ಎಫ್ ಮೈಯ ಕೊಬ್ಬನ್ನು ಕರಗಿಸಲು ಹೇಳುತ್ತದೆ, ಹೊಸದಾಗಿ ಕೂಡಿಡದಂತೆ ತಡೆಯುತ್ತದೆ. 1980ರ ದಶಕದಲ್ಲಿ ಪ್ರಾಣಿಗಳನ್ನು ಸೊರಗಿಸುವ ಒಂದು ವಸ್ತುವನ್ನು ಹುಡುಕುತ್ತಿದ್ದವರು ಅದಕ್ಕೆ ಕ್ಯಾಕೆಕ್ಟಿನ್ ಅಂತ ಹೆಸರಿಟ್ಟಿದ್ದರು. 1985ರಲ್ಲಿ ನೋಡಿದರೆ ಅದೂ ಟಿಎನ್‌ಎಫ್ಫೂ ಒಂದೇ. ಕ್ಷಯ ಅಂದರೆ ಸವೆಯುವುದು. ಹೆಸರಿಟ್ಟವರಿಗೆ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ, ಸವೆತ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಖುಷಿಪಟ್ಟ ಆ ಆರು ಕಿಲೋ ಹೋದದ್ದು ಹೀಗೆ.

ಸಂಜೆ ಜ್ವರದ ಹಿಂದೆಯೂ ಕೊಬ್ಬೇ ಇತ್ತು. ಕೋಶದ ಪೊರೆಯಿಂದ 20 ಇಂಗಾಲದ ಒಂದು ಕೊಬ್ಬಿನ ಆಮ್ಲವನ್ನು ಕತ್ತರಿಸಿ ತೆಗೆದು ಪ್ರೊಸ್ಟಾಗ್ಲಾಂಡಿನ್ ಮಾಡುತ್ತಾರೆ ನಮ್ಮ ಸೈನಿಕರು. ಅದು ಮಿದುಳಿಗೆ ಹೋಗಿ ಮೈಯ ಬಿಸಿ ಏರಿಸು ಅನ್ನುತ್ತದೆ. ಆಸ್ಪಿರಿನ್ ಈ ತಯಾರಿಕೆಯನ್ನೇ ನಿಲ್ಲಿಸುತ್ತದೆ ಅಂತ 1971ರಲ್ಲಿ ತೋರಿಸಿದ ಜಾನ್ ವೇನ್‌ಗೆ 1982ರಲ್ಲಿ ನೊಬೆಲ್ ಬಂತು. ಇದನ್ನು ಓದುವಾಗ ನನಗೆ 99.8 ಜ್ವರ ಇತ್ತು. ಹಣೆ ಮುಟ್ಟಿಕೊಂಡು ಹೋ, ನೀನಾ ಅಂದೆ.

ಆಮೇಲೆ ಉರುವಲಿನ ವಿಷಯ. ನಮ್ಮ ಕಡೆ ಒಲೆಗೆ ಹತ್ತಿಕಟ್ಟಿಗೆ ಹಾಕಿದರೆ ಬುರ್ರನೆ ಹತ್ತಿ ಬೇಗ ಬೂದಿಯಾಗುತ್ತದೆ. ಜಾಲಿ ಕೊರಡು ಹತ್ತುವುದು ತಡ, ಆದರೆ ರಾತ್ರಿಯಿಡೀ ಕೆಂಡ ಹಿಡಿದಿರುತ್ತದೆ. ಕೋಶಗಳ ಒಲೆಯಲ್ಲೂ ಹೆಚ್ಚು ಕಡಿಮೆ ಹೀಗೇ. ಹೋರಾಟಕ್ಕೆ ಇಳಿದ ಮ್ಯಾಕ್ರೊಫೇಜ್, ಹೊಸದಾಗಿ ಎದ್ದ ಟಿ ಕೋಶ (ರೋಗಾಣುವಿನ ಗುರುತು ಹಿಡಿಯುವ ಇನ್ನೊಂದು ಬಗೆಯ ಬಿಳಿ ಕೋಶ) ಸಕ್ಕರೆಯನ್ನು ಬೇಗ ಬೇಗ ಸುಡುತ್ತವೆ. ಆಗ ಕೊಬ್ಬನ್ನು ಸುಡುವುದಕ್ಕಿಂತ ಕಟ್ಟುವುದು ಜಾಸ್ತಿ. ಒಂದು ಟಿ ಕೋಶ ಸಾವಿರಾರು ಆಗಬೇಕಾದರೆ ಅಷ್ಟು ಕೋಶಗಳಿಗೆ ಪೊರೆ ಬೇಕಲ್ವಾ? ಪೊರೆ ಅಂದರೆ ಕೊಬ್ಬು. ಹೋರಾಟ ಮುಗಿದ ಮೇಲೆ ಗಾಯ ಮಾಯಿಸುವ ಮ್ಯಾಕ್ರೊಫೇಜ್‌ಗಳು, ವರ್ಷಗಟ್ಟಲೆ ಕಾಯುವ ನೆನಪಿನ ಟಿ ಕೋಶಗಳು ಕೊಬ್ಬನ್ನು ನಿಧಾನಕ್ಕೆ ಉರಿಸುತ್ತವೆ ಅನ್ನುವುದು ಪಾಠ.

ಪಾಠ ಅಂದೆ, ಯಾಕೆಂದರೆ ಅಕ್ಕನ ಮಗ ಇಲ್ಲಿ ನನ್ನನ್ನು ತಡೆದ. 2009ರಲ್ಲಿ ಇಲಿಗಳಲ್ಲಿ ಮೆಟ್‌ಫಾರ್ಮಿನ್ ಕೊಟ್ಟರೆ ಕೊಬ್ಬು ಉರಿಯುವುದು ಹೆಚ್ಚಾಗಿ ನೆನಪಿನ ಟಿ ಕೋಶಗಳು ಚೆನ್ನಾಗಿ ಬಂದವು ಅಂತ ಪ್ರಕಟವಾಯಿತು. ಮೆಟ್‌ಫಾರ್ಮಿನ್ ಅಂದರೆ ನಮ್ಮತ್ತೆ ದಿನಾ ನುಂಗುವ ಶುಗರ್ ಗುಳಿಗೆ! ನಾನು ಆಗಲೇ ಅವರ ಡಬ್ಬಿ ಕಡೆ ನೋಡಿದ್ದೆ. "ತಡಿ ಚಿಗವ್ವ" ಅಂದ. ಕೊಬ್ಬು ಉರಿಸಲು ಬೇಕಾದ ಒಂದು ಮುಖ್ಯ ಜೀನನ್ನು ಟಿ ಕೋಶಗಳಿಂದ ತೆಗೆದರೂ ನೆನಪಿನ ಕೋಶಗಳು ಹುಟ್ಟಿದವು ಅಂತ 2018ರಲ್ಲಿ ಇನ್ನೊಂದು ಗುಂಪು ತೋರಿಸಿತು. ಹಿಂದಿನ ಪ್ರಯೋಗಗಳಲ್ಲಿ ಬಳಸುತ್ತಿದ್ದ ಒಂದು ಔಷಧಿ ಬೇರೆ ಕಡೆಗೂ ಏಟು ಹಾಕುತ್ತಿತ್ತಂತೆ. ಹೀಗೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಾಡಿಸಿ ನೋಡುತ್ತಾರೆ. ನಮ್ಮ ಹೈಸ್ಕೂಲ್ ಪುಸ್ತಕದಲ್ಲಿ ಈ ಅಲ್ಲಾಡಿಸುವುದು ಎಲ್ಲೂ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಎಣ್ಣೆ ಹನಿಯ ಇನ್ನೊಂದು ಮುಖ. ಅದು ಬರೀ ಹುಳುವಿನ ಕಣಜ ಅಂದುಕೊಂಡಿದ್ದೆನಲ್ಲ, ಅದು ಬಲೆಯೂ ಹೌದು. 2018ರಲ್ಲಿ ಇಲಿಯ ಮ್ಯಾಕ್ರೊಫೇಜ್‌ಗಳಲ್ಲಿ ನೋಡಿದಾಗ, ಆ ಹನಿಗಳನ್ನು ಕಟ್ಟಿಸಿದ್ದು ಬ್ಯಾಕ್ಟೀರಿಯಾ ಅಲ್ಲ, ಕೋಶದ ಸ್ವಂತ ಎಚ್ಚರಿಕೆ ವ್ಯವಸ್ಥೆ. ಪ್ರೊಸ್ಟಾಗ್ಲಾಂಡಿನ್‌ನಂಥ ಹೋರಾಟದ ಸರಕು ತಯಾರಿಸಲು ಹನಿಗಳು ಬಳಕೆಯಾದವು. ಹನಿ ಇಲ್ಲದಿದ್ದರೂ ಬ್ಯಾಕ್ಟೀರಿಯಾ ಬೆಳೆಯಿತು. 2020ರಲ್ಲಿ ಸ್ಪೇನ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು ಇನ್ನೂ ಮುಂದೆ ಹೋದರು. ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷ ಕೊಟ್ಟು, ಯಕೃತ್ತಿನಿಂದ ಎಣ್ಣೆ ಹನಿಗಳನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾ ಜೊತೆ ಬೆರೆಸಿದರು. ಹನಿಗಳು ಅವನ್ನು ಕೊಂದವು. ಹನಿಯ ಮೈಮೇಲೆ ಕ್ಯಾಥೆಲಿಸಿಡಿನ್‌ನಂಥ ರೋಗಾಣು ಕೊಲ್ಲುವ ಪ್ರೋಟೀನುಗಳು ಅಂಟಿಕೊಂಡಿದ್ದವು. ಆ ಹೊತ್ತಿಗೆ ಹನಿಗಳು ಕೋಶದ ಒಲೆಯಾದ ಮೈಟೋಕಾಂಡ್ರಿಯಾದಿಂದ ದೂರ ಸರಿದಿದ್ದವು. ಅಂದರೆ ಕೊಬ್ಬನ್ನು ಒಲೆಗೆ ಕೊಡುವುದು ಕಡಿಮೆ ಮಾಡಿ, ಕಾವಲಿಗೆ ನಿಂತಿದ್ದವು.

ಇದನ್ನು ಮನೆಯವರಿಗೆ ಹೇಳಿದರೆ, "ಇಲಿ ಬರೋದು ಅಕ್ಕಿ ಚೀಲಕ್ಕ ತಾನ? ಪಾಷಾಣ ಇಡೋದೂ ಅಲ್ಲೇ" ಅಂದರು. ಎಂಥ ಮಾಸ್ತರಾಗಬಹುದಿತ್ತು ಈ ಮನುಷ್ಯ. ಗಿರಣಿಗೆ ಸೇರಿ ಕೆಟ್ಟರು.

ಹಾಗಾದರೆ ಆ ಹನಿ ಯಾರ ಕಡೆ? ನಮ್ಮದೋ, ಹುಳುವಿನದೋ? ಅಕ್ಕನ ಮಗನನ್ನು ಹೀಗೇ ಕೇಳಿದೆ. ಯಾವ ಕೋಶ, ಯಾವ ಹೊತ್ತು, ಯಾವ ರೋಗಾಣು ಅನ್ನುವುದರ ಮೇಲೆ ಹೋಗುತ್ತದೆ ಅಂದ. ಆ ಉತ್ತರ ನನಗೆ ಇಷ್ಟವಾಗಲಿಲ್ಲ. ಆದರೆ ತುಪ್ಪ ಬಿಟ್ಟ ನನ್ನ ಲೆಕ್ಕಕ್ಕಿಂತ ಎಷ್ಟೋ ವಾಸಿ.

ಕ್ಯಾಥೆಲಿಸಿಡಿನ್ ತಯಾರಿಸಲು ಮ್ಯಾಕ್ರೊಫೇಜ್‌ಗೆ ಡಿ ವಿಟಮಿನ್ ನೆರವಾಗುತ್ತದೆ ಅಂತ 2006ರಲ್ಲಿ ಗೊತ್ತಾಗಿತ್ತು. ಡಿ ವಿಟಮಿನ್ ಹುಟ್ಟುವುದೂ ಚರ್ಮದಲ್ಲಿರುವ ಕೊಲೆಸ್ಟರಾಲಿನ ಒಬ್ಬ ಸಂಬಂಧಿಯಿಂದ, ಬಿಸಿಲು ಬಿದ್ದಾಗ. ಬಿಸಿಲಿಗೆ ನಮ್ಮಲ್ಲಿ ಬರವೇ? ಆದರೂ ಮೆಡಿಕಲ್ ಶಾಪಿನಲ್ಲಿ ಗುಳಿಗೆ ತರಲು ಹೊರಟೆ. ಹಳೇ ಚಾಳಿ. ಮಂಗೋಲಿಯಾದಲ್ಲಿ 8,851 ಶಾಲಾ ಮಕ್ಕಳಿಗೆ ಮೂರು ವರ್ಷ ಡಿ ವಿಟಮಿನ್ ಕೊಟ್ಟು ನೋಡಿದ್ದರು, ಕ್ಷಯದ ಸೋಂಕು ಕಡಿಮೆಯಾಗಲಿಲ್ಲ ಅಂತ 2020ರಲ್ಲಿ ಪ್ರಕಟವಾಗಿತ್ತು. ಅದನ್ನು ಓದಿ ಅರ್ಧ ದಾರಿಯಿಂದ ವಾಪಸ್ ಬಂದೆ. ಬರುತ್ತಾ ಶೇಂಗಾ ಚಿಕ್ಕಿ ತಂದೆ.

ಹಸಿದವರ ರೋಗನಿರೋಧಕ ಕೋಶಗಳಿಗೆ ಏನಾಗುತ್ತದೆ ಅನ್ನುವುದಕ್ಕೂ ಕೊಬ್ಬಿನದೇ ಒಂದು ಉತ್ತರವಿದೆ. ಮೈಯ ಕೊಬ್ಬಿನ ಕೋಶಗಳು ಲೆಪ್ಟಿನ್ ಅನ್ನುವ ಹಾರ್ಮೋನ್ ಬಿಡುತ್ತವೆ. 1994ರಲ್ಲಿ ಸಿಕ್ಕಿದ್ದು. ಕಣಜದಲ್ಲಿ ಎಷ್ಟು ಇದೆ ಅಂತ ಮೈಗೆಲ್ಲ ಡಂಗುರ ಸಾರುವುದು ಇದರ ಕೆಲಸ. ಉಪವಾಸ ಬಿದ್ದರೆ ಲೆಪ್ಟಿನ್ ಕುಸಿಯುತ್ತದೆ, ಟಿ ಕೋಶಗಳ ಉತ್ಸಾಹವೂ ಕುಸಿಯುತ್ತದೆ. 1998ರಲ್ಲಿ ಹಸಿದ ಇಲಿಗಳಿಗೆ ಬರೀ ಲೆಪ್ಟಿನ್ ಕೊಟ್ಟಾಗ ಟಿ ಕೋಶಗಳ ಕಸುವು ಮರಳಿತು. ಅಷ್ಟೇ ಅಲ್ಲ, ನನ್ನ ಗಂಟು ಇದ್ದ ದುಗ್ಧಗ್ರಂಥಿ ಕೂತಿರುವುದೇ ಕೊಬ್ಬಿನ ಗಾದಿಯ ಮೇಲೆ. ಹೋರಾಟ ನಡೆಯುವಾಗ ಸುತ್ತಲಿನ ಆ ಕೊಬ್ಬು ಗ್ರಂಥಿಗೆ ಬುತ್ತಿ ಕಟ್ಟಿ ಕಳಿಸುತ್ತದೆ ಅಂತ ಇಂಗ್ಲೆಂಡಿನ ಕೆರೋಲಿನ್ ಪಾಂಡ್ ವರ್ಷಗಟ್ಟಲೆ ಕೂತು ತೋರಿಸಿದ್ದಾರೆ. ನಾನು ಆ ಬುತ್ತಿಯನ್ನೇ ಕಸಿದಿದ್ದೆ.

ಇಲಿಗಳ ಮಾತಾಯಿತು. ಮನುಷ್ಯರ ಲೆಕ್ಕ ನಮ್ಮ ಮಂಗಳೂರಿನವರೇ ಹಾಕಿದ್ದಾರೆ. ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಕ್ಷಯ ರೋಗಿಗಳಿಗೆ ತಿಂಗಳಿಗೆ 10 ಕಿಲೋ ಆಹಾರದ ಬುಟ್ಟಿ ಕೊಡಿಸಿದರು. ಅಕ್ಕಿ, ಪುಟಾಣಿ ಹಿಟ್ಟು, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಮನೆಗಳಲ್ಲಿ ಜೊತೆಗಿದ್ದವರಿಗೂ ಅಕ್ಕಿ ಬೇಳೆ ಕೊಟ್ಟರು. ಒಟ್ಟು 10,345 ಮನೆಮಂದಿಯನ್ನು ಗಮನಿಸಿದರು. ಬುಟ್ಟಿ ಸಿಕ್ಕ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39 ಕಡಿಮೆಯಾಯಿತು. ರೋಗಿಗಳಲ್ಲಿ, ಎರಡು ತಿಂಗಳಲ್ಲಿ ತೂಕ ಶೇ. 5 ಏರಿದವರು ಸಾಯುವ ಅಪಾಯ ಶೇ. 61 ಕಡಿಮೆ. 2023ರಲ್ಲಿ ಬಂದ ಅಂಕಿ ಇವು. ನನ್ನ ಲೆಕ್ಕದಲ್ಲಿ ಶೇ. 5 ಅಂದರೆ ಎರಡೂಕಾಲು ಕಿಲೋ. ಅಷ್ಟು ಏರಿಸಬೇಕಾದ ಕಾಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಸಿಕೊಂಡು ಕೂತಿದ್ದೆ.

ಅತ್ತೆಗೆ ಸೋತೆ ಅಂತ ಹೇಳಲಿಲ್ಲ. ರೊಟ್ಟಿ ಮುಂದೆ ಚಾಚಿದೆ. ಅವರೂ ಏನೂ ಹೇಳಲಿಲ್ಲ, ತುಪ್ಪದ ಸೌಟು ಮಾತ್ರ ಆವತ್ತು ದೊಡ್ಡದಿತ್ತು. ಕ್ಷಯ ರೋಗಿಗಳಿಗೆ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರ ಬದಲು 1,000 ಆಗಿದೆ. ಅದು ನನ್ನ ಖಾತೆಗೆ ಬಂದ ದಿನ ಅತ್ತೆ ಕೇಳಿಯೇ ಬಿಟ್ಟರು, "ಸರ್ಕಾರಕ್ಕ ಗೊತ್ತೈತಿ, ನಿನಗ ಗೊತ್ತಿಲ್ಲೇನು?"

ಮಾರ್ಚ್ ಕೊನೆಗೆ ತೂಕ 45.5. ಏಪ್ರಿಲ್‌ನಲ್ಲಿ ಇನ್ನೊಂದು ಹೆದರಿಕೆ ಬಂತು. ಇಳಿಯುತ್ತಿದ್ದ ಗಂಟು ಒಂದೇ ವಾರದಲ್ಲಿ ಲಿಂಬೆಹಣ್ಣಿನಷ್ಟು ಊದಿ ಕೆಂಪಾಯಿತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಕುತ್ತಿಗೆಯಲ್ಲಿ ಇನ್ನೊಂದು. ಔಷಧಿ ಕೆಲಸ ಮಾಡುತ್ತಿಲ್ಲ ಅಂತ ಅಳುತ್ತಾ ಕೊಪ್ಪಳಕ್ಕೆ ಹೋದೆ. ಡಾಕ್ಟರಮ್ಮ ಮತ್ತೆ ಸೂಜಿ ಹಾಕಿ ಕೀವು ತೆಗೆದರು, ಪರೀಕ್ಷೆಗೆ ಕಳಿಸಿದರು. ಹೊಸದೇನೂ ಇಲ್ಲ, ಗಂಟಿನ ಕ್ಷಯದಲ್ಲಿ ಕೆಲವರಿಗೆ ಚಿಕಿತ್ಸೆ ನಡೆಯುವಾಗಲೇ ಹೀಗೆ ಊದುತ್ತದೆ, ಗುಳಿಗೆ ನಿಲ್ಲಿಸಬೇಡಿ ಅಂದರು. ಕಾರಣ ನನಗೆ ಸಮಾಧಾನ ತಂದಿತು. ಸೊರಗಿದ್ದ ರೋಗನಿರೋಧಕ ಶಕ್ತಿ ಚೇತರಿಸಿಕೊಂಡು ಸತ್ತ ಬ್ಯಾಕ್ಟೀರಿಯಾದ ಚೂರುಗಳ ಮೇಲೆ ಏರಿಹೋಗುತ್ತದೆ. ಸತ್ತರೂ ಅದರ ಮೇಣ ಸುಮ್ನೆ ಇರುವುದಿಲ್ಲ. ಪ್ರಯೋಗಾಲಯದಲ್ಲಿ ಪ್ರಾಣಿಗಳ ರೋಗನಿರೋಧಕ ಶಕ್ತಿಯನ್ನು ಕೆರಳಿಸಲು ಕೊಂದ ಕ್ಷಯದ ಬ್ಯಾಕ್ಟೀರಿಯಾವನ್ನು ಎಣ್ಣೆಯಲ್ಲಿ ಕಲಸಿ ಚುಚ್ಚುತ್ತಾರೆ. ಫ್ರಾಯಿಂಡ್ ಅವರ ಮದ್ದು ಅಂತ ಅದಕ್ಕೆ ಹೆಸರು. ಟಿ ಕೋಶ ಪ್ರೋಟೀನಿನ ತುಂಡನ್ನು ಮಾತ್ರ ಗುರುತು ಹಿಡಿಯುತ್ತದೆ ಅಂತ ನಾನು ಓದಿದ್ದೆ. ಈ ಮೈಕೋಲಿಕ್ ಆಮ್ಲವನ್ನೇ ಗುರುತಿಸುವ ಟಿ ಕೋಶಗಳು ಇವೆ ಅಂತ 1994ರಲ್ಲೇ ಗೊತ್ತಾಗಿತ್ತಂತೆ. ನನ್ನ ಪುಸ್ತಕಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ.

ಊತ ಮೂರು ವಾರದಲ್ಲಿ ಇಳಿಯಿತು. ಜೂನ್‌ನಲ್ಲಿ ಶಾಲೆ ಶುರುವಾಯಿತು. ಜುಲೈ 20ರ ಹೊತ್ತಿಗೆ ಗುಳಿಗೆ ಮುಗಿಯಿತು. ಕೊನೆಯ ಖಾಲಿ ಹಾಳೆಯನ್ನು ಆಶಾ ಅಕ್ಕ ತಮ್ಮ ಚೀಲಕ್ಕೆ ಹಾಕಿಕೊಂಡರು. ತೂಕ 49. ಬ್ಲೌಸಿನ ಹೊಲಿಗೆ ಮತ್ತೆ ಬಿಚ್ಚಿಸಿದ್ದೇನೆ.

ಒಂಬತ್ತನೇ ತರಗತಿಗೆ ಸೈನಿಕರ ಪಾಠ ಈ ಸಲವೂ ಬಂತು. ಬೋರ್ಡಿನ ಮೇಲೆ ಮ್ಯಾಕ್ರೊಫೇಜ್ ಬರೆದು ಒಳಗೆ ನಾಲ್ಕು ದುಂಡನೆಯ ಹನಿ ಬರೆದೆ. ಪುಸ್ತಕದ ಚಿತ್ರದಲ್ಲಿ ಅವು ಇಲ್ಲ. ಮಕ್ಕಳು ನಕಲು ಮಾಡಿಕೊಂಡರು, ಪರೀಕ್ಷೆಗೆ ಬರುತ್ತದೇನ್ರಿ ಅಂತ ಕೇಳಿದರು. ಬರುವುದಿಲ್ಲ ಅಂದೆ. ಅರ್ಧ ಮಂದಿ ರಬ್ಬರ್ ತೆಗೆದು ಅಳಿಸಿದರು.

ಗಂಟು ಪೂರ್ತಿ ಹೋಗಿಲ್ಲ. ಕಡಲೆಕಾಳಿನಷ್ಟು ಗಟ್ಟಿಯಾಗಿ ಉಳಿದಿದೆ. ಹೀಗೆ ಉಳಿಯುವುದುಂಟು, ಬೆಳೆಯದಿದ್ದರೆ ಸಾಕು ಅಂದಿದ್ದಾರೆ. ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ತೋರಿಸಬೇಕು. ಮುಂದಿನದು ಜನವರಿಯಲ್ಲಿ, ಸಂಕ್ರಾಂತಿ ಆದ ಮೇಲೆ.